ಕುಣಿತಕ್ಕೆ ಐವತ್ತು ಕಿಲೋ

"ತೂಕದ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚೋ ಗಂಡಸು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಇನ್ಸ್‌ಪೆಕ್ಟರು ಹೀಗೆ ಗುಡುಗಿ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿದರು.

"ಹೆಂಗಸು?" ಎಂದು ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು.

ಇನ್ಸ್‌ಪೆಕ್ಟರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂವತ್ತಮೂರು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಸವೆದ ಜೀವ ಅದು. ಊರಿನ ತಕ್ಕಡಿಗಳೆಲ್ಲ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಸೆಟೆದು ನಿಲ್ಲುತ್ತಿದ್ದವಂತೆ. ಹಾಗಂತ ಅವರೇ ಹೇಳಿದ್ದು, ಬೇರೆ ಸಾಕ್ಷಿ ಇಲ್ಲ. ನಿವೃತ್ತಿಯಾಗಿ ಒಂದು ವಾರವಾಗಿದ್ದರೂ ಮನೆಯವರಿಗೆ, ಬೀದಿಯವರಿಗೆ, ಹಾಲು ಹಾಕುವವನಿಗೆ ಅವರು ಈಗಲೂ ಇನ್ಸ್‌ಪೆಕ್ಟರೇ.

ಆವತ್ತಿನ ಗುಡುಗಿಗೆ ಕಾರಣ ಒಂದು ಕ್ಯಾಂಪರ್. ಪಿಕಪ್ ಗಾಡಿಯ ಬೆನ್ನ ಮೇಲೆ ಕೂರಿಸಿಕೊಂಡು ಹೋಗುವ ಪುಟಾಣಿ ಮನೆ. ಒಳಗೇ ಹಾಸಿಗೆ, ಒಳಗೇ ಒಲೆ, ಒಳಗೇ ನೀರು. ರಸ್ತೆ ಮುಗಿದ ಮೇಲೂ ಹೋಗಬಹುದು, ಹೋದಲ್ಲೇ ಮಲಗಬಹುದು.

ಇಂಥ ಮನೆ ಬೇಕಾಗಿದ್ದು ಅತ್ತೆಗಾಗಿ. ಇದನ್ನು ನೀವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಇನ್ಸ್‌ಪೆಕ್ಟರು ಮುಂದೆ ಮರೆಯುತ್ತಾರೆ. ತೀರಿಹೋದ ಮಾವ ಸರ್ವೇಯರ್ ಆಗಿದ್ದರು. ಮೂರು ದಿನದ ದಾರಿ, ಅದರಲ್ಲಿ ಕೊನೆಯ ದಿನ ರಸ್ತೆಯೇ ಇಲ್ಲ, ಅಂಥ ದೂರದಲ್ಲಿ ಒಂದು ಉಪ್ಪಿನ ಬಯಲು. ವರ್ಷಕ್ಕೆ ಆರು ತಿಂಗಳು ಅಲ್ಲಿ ಡೇರೆ ಹಾಕಿ ಅಳತೆ ಮಾಡುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಇಡೀ ನೆಲ ನೀಲಿಯಾಗುತ್ತದೆ, ಮಡಚುವ ಸ್ಟೂಲ್ ಮೇಲೆ ಕೂತು ನೋಡುತ್ತಿರುತ್ತೇನೆ, ಮುಂದಿನ ವರ್ಷ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು. ಆ ಮುಂದಿನ ವರ್ಷ ಬರುವ ಮೊದಲೇ ಅವರು ಹೋಗಿಬಿಟ್ಟರು. ಸ್ಟೂಲ್ ಮಾತ್ರ ಅತ್ತೆಯ ಮಂಚದ ಪಕ್ಕದಲ್ಲೇ ಇದೆ. ಈಗ ಅತ್ತೆಗೆ ಎಪ್ಪತ್ತೆಂಟು. ಮಂಡಿ ಮಡಚುವುದಿಲ್ಲ, ಡೇರೆಯಲ್ಲಿ ನೆಲದ ಮೇಲೆ ಮಲಗಿದರೆ ಏಳುವುದಿಲ್ಲ.

"ಅಮ್ಮನಿಗೆ ಮಂಚ ಇರೋ ಗಾಡಿ ಬೇಕು. ಅಷ್ಟೇ," ಎಂದಿದ್ದಳು ಹೆಂಡತಿ. ಅವಳು ಹೈಸ್ಕೂಲಿನ ಲೆಕ್ಕದ ಟೀಚರು. ಅವಳ ಬಾಯಲ್ಲಿ 'ಅಷ್ಟೇ' ಬಂತು ಅಂದರೆ ಉತ್ತರದ ಕೆಳಗೆ ಎರಡು ಗೆರೆ ಎಳೆದ ಹಾಗೆ.

ಸರಿ, ಮೂವರೂ ಶೋರೂಮಿಗೆ ಹೋದರು. ಅಂಗಳದಲ್ಲಿ ಮೂರು ಕ್ಯಾಂಪರುಗಳು ಕಬ್ಬಿಣದ ಕಾಲುಗಳ ಮೇಲೆ ನಿಂತಿದ್ದವು. ಶೋರೂಮಿನವನು ಮೊದಲನೆಯದರ ಬಾಗಿಲು ತೆಗೆದ. ಸೋಫಾ, ಷವರ್, ಓವನ್, ಏನುಂಟು ಏನಿಲ್ಲ! ಅತ್ತೆ ಬಚ್ಚಲಿನ ಬಾಗಿಲು ತೆಗೆದು ನೋಡಿ, "ನಮ್ಮನೇದಕ್ಕಿಂತ ದೊಡ್ಡದಿದೆ ಕಣೇ," ಎಂದರು.

"ತೂಕ ಎಷ್ಟು?" ಇನ್ಸ್‌ಪೆಕ್ಟರು ಕೇಳಿದರು.

"ಒಂಬೈನೂರ ಎಂಬತ್ತು ಕಿಲೋ ಸಾರ್. ಒಣ ತೂಕ."

"ಒಣ ತೂಕ ಅಂದ್ರೆ?"

"ಅಂದ್ರೆ ನೀರು, ಗ್ಯಾಸು, ಬ್ಯಾಟರಿ, ಪಾತ್ರೆ, ಜನ, ಯಾವುದೂ ಇಲ್ದೇ ಇದ್ದಾಗ."

ಇನ್ಸ್‌ಪೆಕ್ಟರ ಕಿವಿ ಕೆಂಪಾದವು. "ಅಂದ್ರೆ ಯಾರೂ ಎಲ್ಲಿಗೂ ಹೋಗ್ದೇ ಇದ್ದಾಗ! ಅಲ್ರೀ, ನಮ್ಮ ಗಾಡಿ ಖಾಲಿ ಎರಡು ಸಾವಿರದ ನೂರು. ಎಲ್ಲಾ ಸೇರಿ ಮೂರು ಸಾವಿರದ ನೂರು ದಾಟಬಾರದು ಅಂತ ಬಾಗಿಲ ಮೇಲೆ ಚೀಟಿ ಅಂಟಿಸಿದ್ದಾರೆ. ನಿಮ್ಮ ಅರಮನೆ ಹೇರಿದ ಮೇಲೆ ಉಳಿಯೋದು ಇಪ್ಪತ್ತು ಕಿಲೋ! ಅದರಲ್ಲಿ ಯಾರು ಹೋಗೋದು? ನನ್ನ ಎಡಗಾಲಾ?"

ಮೂರನೆಯದು ಬಲು ಹಗುರ. ಗೋಡೆಯೆಲ್ಲ ಬಟ್ಟೆ, ಮೇಲ್ಛಾವಣಿ ಎತ್ತಿದರೆ ಮನೆ, ಇಳಿಸಿದರೆ ಪೆಟ್ಟಿಗೆ. ಇನ್ಸ್‌ಪೆಕ್ಟರಿಗೆ ನೋಡಿದ ಕೂಡಲೇ ಪ್ರೀತಿ ಹುಟ್ಟಿತು. ಆದರೆ ಮಂಚಕ್ಕೆ ಐದು ಮೆಟ್ಟಿಲ ಏಣಿ. ಅತ್ತೆ ಏಣಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವು ಹತ್ತಿ ಮಲಗಿ, ನಾನು ಕೆಳಗೆ ನಿಂತ್ಕೊಂಡೇ ನಿದ್ದೆ ಮಾಡ್ತೀನಿ," ಎಂದರು.

ಉಳಿದದ್ದು ನಡುವಿನದು. ಗಟ್ಟಿ ಗೋಡೆ, ಒಣ ತೂಕ ಐನೂರ ಇಪ್ಪತ್ತು. ಮೇಜನ್ನು ಮಡಚಿದರೆ ಅದೇ ತಗ್ಗಾದ ಮಂಚ, ಪಕ್ಕದಲ್ಲೇ ಕಿಟಕಿ. ಅತ್ತೆ ಅದರ ಮೇಲೆ ಕೂತು ಕಾಲು ಚಾಚಿದರು. ಕಿಟಕಿಯಿಂದ ಹೊರಗೆ ನೋಡಿದರು. ಹೊರಗಿದ್ದದ್ದು ಹಳೇ ಟಯರುಗಳ ರಾಶಿ. ಆದರೂ ಸುಮಾರು ಹೊತ್ತು ನೋಡುತ್ತಲೇ ಇದ್ದರು. ಮಾತು ನಿಲ್ಲಿಸಿದ್ದೇ ಇಲ್ಲದ ಅತ್ತೆ ಮಾತು ನಿಲ್ಲಿಸಿದ್ದು ನೋಡಿ ಹೆಂಡತಿ, "ಇದೇ," ಎಂದಳು.

"ಇರು ಇರು. ಮೊದಲು ತೂಗಬೇಕು."

ತೂಗಿಸಿದರು! ಕ್ರೇನ್ ತರಿಸಿ, ಕೊಕ್ಕೆಗೆ ಹಾಕಿಸಿ ತೂಗಿಸಿದರು. ಐನೂರ ಇಪ್ಪತ್ತಮೂರು ಬಂತು. ನೋಡಿದಿರಾ ಮೋಸ! ಒಳಗಿನ ಕಾರ್ಪೆಟ್ ಕೀಳಿಸಿದರು, ಕನ್ನಡಿ ಬಿಚ್ಚಿಸಿದರು, ಕೊನೆಗೆ ಬಾಗಿಲ ಮೇಲಿನ ಕಂಪನಿಯ ಹೆಸರಿನ ಫಲಕವನ್ನೂ ತೆಗೆಸಿದರು.

"ಸಾರ್, ಹೆಸರು ತೆಗೆದ್ರೆ ಗ್ಯಾರಂಟಿ ಹೋಗುತ್ತೆ," ಶೋರೂಮಿನವನ ದನಿ ಅಳುವ ಹಾಗಿತ್ತು.

"ಹೋಗ್ಲಿ. ಗ್ಯಾರಂಟಿಗೂ ತೂಕ ಇರುತ್ತೆ. ಆಮೇಲೆ ಕಲ್ಲು-ಗುಂಡಿ ದಾರೀಲಿ ಗಾಡಿ ಕುಣಿಯುತ್ತಲ್ಲ, ಆ ಕುಣಿತಕ್ಕೆ ಎಷ್ಟು ತೂಕ ಬಿಡಬೇಕು?"

"ಕುಣಿತ ಎಲ್ಲಾ ಲೆಕ್ಕ ಹಾಕೇ ಬಾಗಿಲ ಮೇಲೆ ಮೂರು ಸಾವಿರದ ನೂರು ಅಂತ ಬರೆದಿರ್ತಾರೆ ಸಾರ್. ಬೇರೆ ಬಿಡೋದೇನೂ ಬೇಡ."

"ನನಗೆ ತೂಕ ಹೇಳಿಕೊಡೋಕೆ ಬಂದ್ಯಾ!"

ಕ್ಯಾಂಪರ್ ಮನೆಗೆ ಬಂತು. ಇನ್ಸ್‌ಪೆಕ್ಟರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಇಲಾಖೆಯವರು ಬೀಳ್ಕೊಡುಗೆಯ ದಿನ ಅವರಿಗೆ ಗಡಿಯಾರ ಕೊಟ್ಟಿರಲಿಲ್ಲ. ಬಳಕೆಯಿಂದ ತೆಗೆದುಹಾಕಿದ, ಇಪ್ಪತ್ತು ಕಿಲೋದ ಎಂಟು ಕಬ್ಬಿಣದ ತೂಕದ ಕಲ್ಲು ಕೊಟ್ಟಿದ್ದರು. ಉಗ್ರಾಣದಲ್ಲಿ ಜಾಗ ಖಾಲಿ ಮಾಡಬೇಕಿತ್ತು ಎಂದು ಕೆಲವರು ಆಡಿಕೊಂಡರು, ಬಿಡಿ. ಎಲ್ಲೇ ಹೋಗಲಿ, ತಕ್ಕಡಿ ಪರೀಕ್ಷೆ ಮಾಡುವ ಸಂದರ್ಭ ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಎಂಟನ್ನೂ ಒಂದೊಂದಾಗಿ ಹೊತ್ತು, ಒರೆಸಿ, ಕ್ಯಾಂಪರಿನ ಬೆಂಚಿನ ಕೆಳಗಿನ ಕಪಾಟಿನಲ್ಲಿ ಸಾಲಾಗಿ ಕೂರಿಸಿ ಬೀಗ ಹಾಕಿದರು. ಆಮೇಲೆ ಕೈ ತೊಳೆದುಕೊಂಡು, ರಟ್ಟಿನ ಮೇಲೆ ತಗಡು ಬಡಿದ ತಮ್ಮ ಹಳೆಯ ದಪ್ಪ ರಿಜಿಸ್ಟರ್ ತೆರೆದು ಬರೆದರು: 'ಇಂದಿನಿಂದ ಗಾಡಿಯೊಳಗೆ ಹೋಗುವ ಪ್ರತಿಯೊಂದು ವಸ್ತುವನ್ನೂ ತೂಗತಕ್ಕದ್ದು.'

ಅಲ್ಲಿಂದ ಶುರುವಾಯಿತು ನೋಡಿ ಮನೆಯವರ ಗ್ರಹಚಾರ! ನಡುಮನೆಯಲ್ಲಿ ತಕ್ಕಡಿ ಬಂದು ಕೂತಿತು. ಪಾತ್ರೆ ತೂಗಿದರು, ಮುಚ್ಚಳ ಬೇರೆ ತೂಗಿದರು. ಐದು ಚಮಚದಲ್ಲಿ ಮೂರು ವಜಾ. ಟೂತ್‌ಬ್ರಷ್‌ಗಳ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರು. ಸೋಪಿಗೆ ನಡುವೆ ತೂತು ಕೊರೆದರು. ಪುಸ್ತಕದ ಮುನ್ನುಡಿಗಳನ್ನು ಹರಿದು ತೆಗೆದರು, ಹೇಗೂ ಯಾರೂ ಓದುವುದಿಲ್ಲವಂತೆ. ಹೆಂಡತಿಯ ಟವೆಲನ್ನು ತೂಗಿ, "ಇನ್ನೂ ಒದ್ದೆ ಇದೆ, ನಲವತ್ತು ಗ್ರಾಂ ನೀರು ಸಾಗಿಸ್ತಿದ್ದೀಯ," ಎಂದು ಕೂಗಾಡಿದರು.

"ನಿಮ್ಮನ್ನೂ ತೂಗಿಕೊಂಡ್ರಾ?" ಅವಳು ಕೇಳಿದಳು.

"ಯಾಕಿಲ್ಲ? ನ್ಯಾಯ ಅಂದ್ರೆ ಎಲ್ಲರಿಗೂ ಒಂದೇ!" ಎಂದು ಚಪ್ಪಲಿ ಬಿಟ್ಟು, ರಿಜಿಸ್ಟರನ್ನು ಅವಳ ಕೈಗೆ ಕೊಟ್ಟು, ತಕ್ಕಡಿ ಹತ್ತಿದರು. ಎಂಬತ್ತು. ಇಳಿದು ರಿಜಿಸ್ಟರ್ ವಾಪಸ್ ಕಸಿದು, ಎಂಬತ್ತು ಎಂದು ಬರೆದು, ಅದನ್ನು ಮತ್ತೆ ಕಂಕುಳಿಗೆ ಸೇರಿಸಿದರು. ಊಟಕ್ಕೆ ಕೂತಾಗಲೂ ಅದು ಆ ಕಂಕುಳು ಬಿಟ್ಟು ಇಳಿಯುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಲೆಕ್ಕ ಮುಗಿಯಿತು. ಗಾಡಿ, ಕ್ಯಾಂಪರ್, ನೀರು, ಗ್ಯಾಸು, ಸಾಮಾನು, ಗಂಡ-ಹೆಂಡತಿ, ಎಲ್ಲ ಸೇರಿ ಮೂರು ಸಾವಿರದ ಐವತ್ತು. ಇನ್ನು ಉಳಿದದ್ದು ಐವತ್ತು ಕಿಲೋ. ಅತ್ತೆ ತಕ್ಕಡಿ ಹತ್ತಿದರು. ನಲವತ್ತಾರು.

"ಸರಿಹೋಯ್ತಲ್ಲ!" ಎಂದಳು ಹೆಂಡತಿ.

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. "ಅದು... ಆ ಐವತ್ತು ಕುಣಿತಕ್ಕೆ ಅಂತ ತೆಗೆದಿಟ್ಟಿದ್ದು."

ಹೆಂಡತಿ ತಕ್ಕಡಿಯ ಮುಂದೆ ಬಂದು ನಿಂತಳು.

"ಅಂದ್ರೆ ಅಮ್ಮ ಬರೋ ಹಾಗಿಲ್ಲ ಅಂತೀರಾ?"

"ನಾನು ಅನ್ನಲ್ಲ! ಲೆಕ್ಕ ಅನ್ನುತ್ತೆ! ಮಧ್ಯದಾರೀಲಿ ಅಚ್ಚು ಮುರಿದ್ರೆ ಆ ಬಯಲಲ್ಲಿ ಯಾರನ್ನ ಕೂಗ್ತೀಯ? ಮುಂದಿನ ವರ್ಷ ದೊಡ್ಡ ಗಾಡಿ ತಗೊಂಡು ಖಂಡಿತ ಕರ್ಕೊಂಡು ಹೋಗೋಣ."

'ಮುಂದಿನ ವರ್ಷ' ಎಂದದ್ದೇ ತಪ್ಪಾಯಿತು. ಅತ್ತೆ ತಕ್ಕಡಿಯಿಂದ ನಿಧಾನವಾಗಿ ಇಳಿದರು.

"ನನ್ನ ಮಂಡಿಗೋಸ್ಕರ ಮನೆ ಕೊಂಡ್ರಿ, ಮಂಡಿಯನ್ನೇ ಮನೇಲಿ ಬಿಟ್ಟು ಹೊರಟ್ರಿ. ಕುಣಿತಕ್ಕೆ ಐವತ್ತು ಕಿಲೋ! ನಾನು ಬರೀ ನಲವತ್ತಾರು! ನಿಮ್ಮ ಗಾಡೀಲಿ ಕುಣಿಯೋಕೆ ಜಾಗ ಇದೆ, ಕೂರೋಕೆ ಇಲ್ಲ. ಸಂತೋಷ ಅಳಿಯಂದ್ರೇ!"

ಅಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇನ್ಸ್‌ಪೆಕ್ಟರ ಎದೆಯಲ್ಲಿ ಚುರುಕ್ ಎಂದಿತು. ಆದರೆ ಏನು ಮಾಡುವುದು? ಅತ್ತೆ ಅಂತ ಒಂದು ಕಿಲೋ ಬಿಟ್ಟುಕೊಟ್ಟರೆ ಮೂವತ್ತಮೂರು ವರ್ಷದ ಹೆಸರು ಏನಾಗಬೇಕು? ಹೆಂಡತಿ ಆ ಹೊತ್ತಿನಿಂದ ಮಾತು ಬಿಟ್ಟಳು. ಮಾತಿಗೆ ತೂಕವಿಲ್ಲದ್ದರಿಂದ ಅದನ್ನು ರಿಜಿಸ್ಟರಿನಲ್ಲಿ ಬರೆಯುವ ಪ್ರಶ್ನೆ ಬರಲಿಲ್ಲ.

ಬೆಳಿಗ್ಗೆ ಗಾಡಿ ಹೊರಟಿತು. ಸ್ಟಿಯರಿಂಗ್ ಹಿಂದೆ ಹೆಂಡತಿ, ಮುಖ ಗಂಟು. ಪಕ್ಕದಲ್ಲಿ ಇನ್ಸ್‌ಪೆಕ್ಟರು, ಕಂಕುಳಲ್ಲಿ ರಿಜಿಸ್ಟರ್. ಬೀದಿಯ ಕೊನೆಯಲ್ಲಿ ಮರದ ಡಿಪೋ, ಡಿಪೋದ ಬಾಗಿಲಲ್ಲಿ ಲಾರಿ ತೂಗುವ ವೇಬ್ರಿಜ್. ಅಲ್ಲಿ ಇಡೀ ಗಾಡಿಯನ್ನು ತೂಗಿಸಿ, ಚೀಟಿ ಪಡೆದು, 'ನೋಡು, ನಾನು ಹೇಳಿದ್ದು ಸರಿ' ಎಂದು ತೋರಿಸಿದರೆ ಅವಳ ಕೋಪ ಇಳಿಯುತ್ತದೆ ಎಂಬುದು ಅವರ ಆಸೆ. ಹೆಂಡತಿಯರ ಬಗ್ಗೆ ಅವರಿಗೆ ತಿಳಿದಿದ್ದದ್ದು ಅಷ್ಟೇ.

ನೋಡಿದರೆ ಅತ್ತೆ ಅಲ್ಲಿಗೆ ಮೊದಲೇ ಬಂದುಬಿಟ್ಟಿದ್ದರು! ಕೋಲೂರಿಕೊಂಡು ನಡೆದು ಬಂದು, ವೇಬ್ರಿಜ್ ಆಫೀಸಿನ ನೆರಳಲ್ಲಿ ಮಾವನ ಸ್ಟೂಲ್ ಹಾಕಿ ಕೂತಿದ್ದರು.

"ನಾನೇನೂ ಬರಲ್ಲ, ಹೆದರ್ಕೋಬೇಡಿ. ಈ ಸ್ಟೂಲಾದ್ರೂ ತಗೊಂಡು ಹೋಗಿ. ಅದಕ್ಕಾದ್ರೂ ಆ ಜಾಗ ಇನ್ನೊಂದ್ಸಲ ಕಾಣ್ಲಿ."

"ಎಷ್ಟು ತೂಕ?" ಎಂದು ಬಾಯಿಗೆ ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡರು.

ಗಾಡಿ ವೇಬ್ರಿಜ್‌ನ ಕಬ್ಬಿಣದ ಹಾಸಿನ ಮೇಲೆ ನಿಂತಿತು. ಎದುರಿನ ಬೋರ್ಡಿನಲ್ಲಿ ಕೆಂಪು ಅಂಕಿಗಳು ಓಡಿ ಓಡಿ ನಿಂತವು.

3215.

"ಎಲಾ ಇದರ!" ಇನ್ಸ್‌ಪೆಕ್ಟರು ಗಾಡಿಯಿಂದ ಹಾಸಿನ ಮೇಲೆ ಧುಮುಕಿದರು. "ಮೂರು ಸಾವಿರದ ಐವತ್ತು ಇರಬೇಕಾದ್ದು ಮೂರು ಸಾವಿರದ ಇನ್ನೂರ ಹದಿನೈದಾ? ಹಾಡಹಗಲು! ನನ್ನ ಮುಂದೆ! ನನಗೇ!"

ಆಫೀಸಿನ ಕಿಟಕಿ ವೇಬ್ರಿಜ್‌ಗೆ ಅಂಟಿಕೊಂಡೇ ಇತ್ತು. ಕಿಟಕಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದ ಹೆಂಗಸು ತಲೆ ಎತ್ತಿದಳು. ಐದು ವರ್ಷದ ಹಿಂದೆ ಐದು ಕಿಲೋ ವ್ಯತ್ಯಾಸಕ್ಕೆ ಇದೇ ಯಂತ್ರಕ್ಕೆ ಬೀಗ ಜಡಿದು, ಇವಳನ್ನು ನಿಲ್ಲಿಸಿ ಒಂದು ಗಂಟೆ ಉಪದೇಶ ಕೊಟ್ಟಿದ್ದು ಇನ್ಸ್‌ಪೆಕ್ಟರಿಗೆ ಮರೆತಿತ್ತು. ಅವಳಿಗೆ ಮರೆತಿರಲಿಲ್ಲ.

"ತೂಕ ಜಾಸ್ತಿ ಬಂದ್ರೆ ಯಂತ್ರದ ಮೇಲೆ ರೇಗಬೇಡಿ, ಗಾಡೀಲಿ ಏನಿದೆ ನೋಡ್ಕೊಳ್ಳಿ ಅಂತ ನೀವೇ ಲಾರಿಯವರಿಗೆ ಹೇಳ್ತಿದ್ರಿ ಸಾರ್."

"ಅದು ಲಾರಿಯವರಿಗೆ! ಇದು ಡಬ್ಬಾ ಯಂತ್ರ! ಯಾವ ಕತ್ತೆ ಇದಕ್ಕೆ ಸರಿ ಇದೆ ಅಂತ ಮುದ್ರೆ ಒತ್ತಿದ್ದು?"

ಅವಳು ಹೆಣಿಗೆ ಕಡ್ಡಿಯಿಂದ ಕಿಟಕಿ ಗಾಜಿನ ಮೇಲಿನ ಸರ್ಟಿಫಿಕೇಟ್ ತೋರಿಸಿದಳು. ತಾರೀಖು ಮೂರು ವಾರದ ಹಿಂದಿನದು. ಕೆಳಗೆ ಉದ್ದನೆಯ ಬಾಲವಿರುವ ಒಂದು ಸಹಿ. ಆ ಬಾಲವನ್ನು ಇನ್ಸ್‌ಪೆಕ್ಟರು ದಿನಕ್ಕೆ ನಲವತ್ತು ಸಲ ಎಳೆಯುತ್ತಿದ್ದರು.

"ನಾನು ಒತ್ತಿದಾಗ ಸರಿಯಿತ್ತು!" ದನಿ ಕೀರಲಾಯಿತು. "ಆಮೇಲೆ ಕೆಡಿಸಿದ್ದೀರಿ! ಇರಿ, ಈಗಲೇ ಪರೀಕ್ಷೆ ಮಾಡ್ತೀನಿ. ಇಲಾಖೆಯ ತೂಕದ ಕಲ್ಲು ನನ್ನ ಹತ್ರಾನೇ ಇದೆ. ಎಂಟು ಕಲ್ಲು, ನೂರ ಅರವತ್ತು ಕಿಲೋ ಹಾಸಿನ ಮೇಲೆ ಇಡ್ತೀನಿ. ಅಂಕಿ ಅಷ್ಟು ಏರಬೇಕು. ಏರಲಿಲ್ಲವೋ, ನಿಮ್ಮ ಯಂತ್ರಕ್ಕೆ ಇವತ್ತೇ ತಿಥಿ!"

ಕ್ಯಾಂಪರ್ ಬಾಗಿಲು ತೆಗೆದು, ಬೆಂಚಿನ ಕೆಳಗಿನ ಬೀಗ ಬಿಚ್ಚಿ, ಮೊದಲ ಕಲ್ಲನ್ನು ಹೊತ್ತು ತಂದು ಹಾಸಿನ ಮೇಲೆ ಇಟ್ಟರು. 3215. ಎರಡನೆಯದು. 3215. ಹಿಂದೆ ಬಂದು ನಿಂತ ಮರದ ಲಾರಿಯವನು ಹಾರನ್ ಮಾಡಿದ. "ನಿಲ್ಲಯ್ಯ, ನ್ಯಾಯ ನಡೀತಿದೆ!" ಎಂದು ಗದರಿ ಮೂರು, ನಾಲ್ಕು, ಐದು ಇಟ್ಟರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಏದುಸಿರು ಬರುತ್ತಿತ್ತು, ಸೊಂಟ ಕಟಕ್ ಎಂದಿತು. ಎಂಟನೆಯದನ್ನೂ ಇಟ್ಟು, ರಿಜಿಸ್ಟರನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಬೋರ್ಡಿನ ಕಡೆ ಬೆರಳು ನೆಟ್ಟರು.

3215.

"ನೋಡಿದ್ರಾ! ಎಲ್ಲರೂ ಸಾಕ್ಷಿ! ನೂರ ಅರವತ್ತು ಕಿಲೋ ಇಟ್ಟಿದ್ದೀನಿ, ಮುಳ್ಳಿನಷ್ಟೂ ಅಲ್ಲಾಡಿಲ್ಲ! ಸತ್ತಿದೆ ಯಂತ್ರ! ಹೆಣ ಇದು, ಹೆಣ!"

ಹೆಂಗಸು ಕಡ್ಡಿಯನ್ನು ಮಡಿಲಲ್ಲಿ ಇಟ್ಟಳು. ಲಾರಿಯವನು ಹಾರನ್ನಿನಿಂದ ಕೈ ತೆಗೆದ. ಲೆಕ್ಕದ ಟೀಚರು ಸ್ಟಿಯರಿಂಗ್ ಮೇಲೆ ಹಣೆ ಇಟ್ಟುಕೊಂಡಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು.

"ಅಳಿಯಂದ್ರೇ," ಅತ್ತೆ ಸ್ಟೂಲ್ ಮೇಲಿನಿಂದ ಮೆತ್ತಗೆ ಕೇಳಿದರು, "ಆ ಕಲ್ಲುಗಳು ಇಷ್ಟು ಹೊತ್ತು ಎಲ್ಲಿದ್ವು?"

"ಎಲ್ಲಿದ್ವು ಅಂದ್ರೆ? ಗಾಡಿ ಒಳಗೆ..."

"ಗಾಡಿ ಎಲ್ಲಿತ್ತು?"

ಇನ್ಸ್‌ಪೆಕ್ಟರ ಬೆರಳು ಇನ್ನೂ ಬೋರ್ಡಿನ ಕಡೆಗೇ ಇತ್ತು. ಅದು ನಿಧಾನವಾಗಿ ಕೆಳಗಿಳಿಯಿತು.

"ರಿಜಿಸ್ಟರಲ್ಲಿ ಬರೆದಿದ್ರಾ ಇವನ್ನ?" ಹಿಂದಿನ ದಿನ ಮಧ್ಯಾಹ್ನದಿಂದ ಹೆಂಡತಿ ಆಡಿದ ಮೊದಲ ಮಾತು.

"ತೂಕದ ಕಲ್ಲನ್ನ ಯಾರಾದ್ರೂ ತೂಗ್ತಾರೇನೇ?" ಎಂದರು ಇನ್ಸ್‌ಪೆಕ್ಟರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅದು... ಅದು ಸಾಮಾನಲ್ಲ. ಅದು ತೂಕ."

ಅಯ್ಯೋ ಪುಣ್ಯಾತ್ಮ! ಟೂತ್‌ಬ್ರಷ್ಷಿನ ಹಿಡಿ ಕತ್ತರಿಸಿದ ಮನುಷ್ಯ, ಸೋಪು ಕೊರೆದ ಮನುಷ್ಯ, ನಲವತ್ತಾರು ಕಿಲೋದ ಅತ್ತೆಯನ್ನು ಬೀದಿಯಲ್ಲಿ ಬಿಟ್ಟು, ನೂರ ಅರವತ್ತು ಕಿಲೋ ಕಬ್ಬಿಣವನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟಿದ್ದರು! ಲೆಕ್ಕ ಹಾಕಿದರೆ ಮೂರೂವರೆ ಅತ್ತೆಯರಾಗುತ್ತಿದ್ದರು.

ಎಂಟೂ ಕಲ್ಲು ಹಾಸಿನಿಂದ ಕೆಳಗಿಳಿದು ಆಫೀಸಿನ ಜಗುಲಿಗೆ ಹೋದವು. ಇನ್ಸ್‌ಪೆಕ್ಟರು ಗಾಡಿ ಹತ್ತಿ ಕೂತ ಮೇಲೆ ಬೋರ್ಡು 3055 ಎಂದಿತು.

"ಆದ್ರೂ ಐದು ಕಿಲೋ ಜಾಸ್ತಿ," ಎಂದು ಅವರು ಗೊಣಗಿದರು. "ಎಲ್ಲಿಂದ ಬಂತು?"

ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹೆಂಡತಿ ಇಳಿದು ಹೋಗಿ ಅಮ್ಮನ ಕೈ ಹಿಡಿದುಕೊಂಡಿದ್ದಳು. "ಬಾಮ್ಮ. ನಿನ್ನ ಬಟ್ಟೆ ನನ್ನ ಚೀಲದಲ್ಲೇ ಇದೆ. ನನ್ನ ಬಟ್ಟೆ ಅಂತ ತೂಗಿಸಿದ್ದೀನಿ."

ಇನ್ಸ್‌ಪೆಕ್ಟರು ಬಾಯಿ ತೆಗೆದರು. "ಕುಣಿತ..." ಎಂದರು. ಅಮ್ಮ-ಮಗಳು ಒಟ್ಟಿಗೆ ತಿರುಗಿ ನೋಡಿದರು. ಬಾಯಿ ಮುಚ್ಚಿಕೊಂಡು, ಇಳಿದು, ಅತ್ತೆಗೆ ಮುಂದಿನ ಸೀಟು ಬಿಟ್ಟುಕೊಟ್ಟು ತಾವು ಹಿಂದಿನ ಸೀಟಿಗೆ ಹೋದರು. ಅತ್ತೆ ಮುಂದೆ ಕೂತು ಮಂಡಿ ಚಾಚಿದರು. ಹೆಂಡತಿ ಮತ್ತೆ ಸ್ಟಿಯರಿಂಗ್ ಹಿಂದೆ ಕೂತಳು. ಮಡಚಿದ ಸ್ಟೂಲ್ ಅಳಿಯನ ತೊಡೆ ಮೇಲೆ ಬಂತು. ಕೈಯಲ್ಲಿ ಎತ್ತಿ ನೋಡಿದರು. ಮೂರು ಕಿಲೋ, ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಸಲ ಅದನ್ನು ಯಾರಿಗೂ ಹೇಳಲಿಲ್ಲ.

ಬೋರ್ಡು ಐದೈದು ಕಿಲೋದ ಹೆಜ್ಜೆಯಲ್ಲಿ ಏರಿ ನಿಂತಿತು. 3105.

"ಐದು ಜಾಸ್ತಿ ಸಾರ್," ಎಂದಳು ಹೆಂಗಸು. "ಮೂರು ಸಾವಿರದ ನೂರು ಅಂತಲ್ವಾ ನಿಮ್ಮ ಚೀಟಿ?"

ಅತ್ತೆಯ ಕೈ ಬಾಗಿಲ ಹಿಡಿಯ ಕಡೆ ಹೋಯಿತು. "ಇಳೀತೀನಿ ಬಿಡು ಮಗಳೇ."

"ಕೂತ್ಕೊಳ್ಳಿ ಅತ್ತೆ!" ಎಂದು ಇನ್ಸ್‌ಪೆಕ್ಟರು ಚೀರಿದರು. ಕೋಪವೂ ಇತ್ತು, ಬೇರೆ ಏನೋ ಇತ್ತು. ನೀರು ಚೆಲ್ಲಲೇ? ಬಯಲಲ್ಲಿ ನೀರು ಬೇಕು. ಗ್ಯಾಸ್? ಬೇಕು. ಚಪ್ಪಲಿ? ಸಾಲದು. ಸ್ಟೂಲ್? ಅದನ್ನು ತೊಡೆಗೆ ಇನ್ನಷ್ಟು ಒತ್ತಿ ಹಿಡಿದುಕೊಂಡರು. ಹಾಗೆ ಒತ್ತಿ ಹಿಡಿಯುವಾಗ ಕಂಕುಳಲ್ಲಿ ಏನೋ ಚುಚ್ಚಿತು. ತಗಡಿನ ಮೂಲೆ.

ರಿಜಿಸ್ಟರನ್ನು ಹೊರಗೆ ಎಳೆದರು. ಅಂಗೈ ಮೇಲೆ ಇಟ್ಟುಕೊಂಡು ಒಂದು ಸಲ ತೂಗಿ ನೋಡಿದರು. ಅಂಗೈಗೆ ಮೂವತ್ತಮೂರು ವರ್ಷದ ಅಭ್ಯಾಸ. ನಾಲ್ಕು ಕಿಲೋ. ಮನೆಯ ಸೂಜಿ ಕೂಡ ಬರೆಸಿಕೊಂಡ ಆ ಪುಸ್ತಕದಲ್ಲಿ ಆ ಪುಸ್ತಕವೊಂದೇ ಇರಲಿಲ್ಲ.

ಕಿಟಕಿಯಿಂದ ಕೈ ಚಾಚಿ, ಮಗುವನ್ನು ಕೊಡುವ ಹಾಗೆ ಅದನ್ನು ಆ ಹೆಂಗಸಿನ ಕೈಗೆ ಕೊಟ್ಟರು.

ಅಂಕಿ ಒಂದು ಸಲ ಮಿಟುಕಿತು. 3100.

"ಆಹಾ! ಕರೆಕ್ಟಾಗಿ ಮೂರು ಸಾವಿರದ ನೂರು!" ಹೆಂಗಸು ಮೊದಲ ಸಲ ನಕ್ಕಳು. "ಇಂಥ ತೂಕ ನಾನೂ ನೋಡಿಲ್ಲ. ಬರ್ಕೊಳ್ಳಿ ಸಾರ್, ಬರ್ಕೊಳ್ಳಿ!"

ಇನ್ಸ್‌ಪೆಕ್ಟರು ಜೇಬಿನಿಂದ ಪೆನ್ನು ತೆಗೆದರು. ಕ್ಯಾಪ್ ಬಿಚ್ಚಿದರು. ಎಡಗೈ ತಾನಾಗಿಯೇ ಬಲ ಕಂಕುಳಿಗೆ ಹೋಯಿತು, ಅಲ್ಲಿ ತಡಕಿತು, ಅಲ್ಲೇ ನಿಂತಿತು.

ಅತ್ತೆ ಹಿಂದಕ್ಕೆ ತಿರುಗಲೂ ಇಲ್ಲ.

"ಪೆನ್ನು ಒಳಗಿಡಿ ಅಳಿಯಂದ್ರೇ. ಇವತ್ತಿನದನ್ನ ಬರೆಯೋದು ಬೇಡ. ಸಾಯೋವರೆಗೂ ನಾನು ನೆನಪಿಟ್ಕೊಂಡಿರ್ತೀನಿ."